ಇದ್ದಲಿ ಆರಿಸುವುದು

ವಾರವಿಡೀ ನಾನು ಬೆಂಕಿ ನೋಡುವುದು ಪರದೆಯ ಮೇಲೆ.
ಶಕ್ತಿನಗರ, ಕಂಟ್ರೋಲ್ ರೂಮು,
ಏಸಿಯ ಚಳಿಗೊಂದು ಸ್ವೆಟರು.
ಐದುನೂರಾ ನಲವತ್ತು ಡಿಗ್ರಿ ಅಂದರೆ
ಒಂದು ಹಸಿರು ಅಂಕಿ, ಅಷ್ಟೇ.
ಹೆಚ್ಚಾದರೆ ಕೆಂಪಾಗಿ ಕೂಗುತ್ತದೆ,
ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ.
ರೈಲುಗಟ್ಟಲೆ ಕಲ್ಲಿದ್ದಲು ನುಂಗುವ ಆ ಹೊಟ್ಟೆಯ ಬಿಸಿ
ಹನ್ನೊಂದು ವರ್ಷದಲ್ಲಿ
ಒಮ್ಮೆಯೂ ನನ್ನ ಮುಖಕ್ಕೆ ತಾಗಿಲ್ಲ.

ರಜೆಯ ದಿನ ಕ್ವಾರ್ಟರ್ಸಿನ ಹಿತ್ತಲು.
ವೆಲ್ಡರ್ ಖದೀರ್ ಉದ್ದಕ್ಕೆ ಸೀಳಿಕೊಟ್ಟ ಡ್ರಮ್ಮು,
ಹಳೆಯ ಬಾಗಿಲಿನ ಕೀಲು, ಕಿಟಕಿ ಸರಳಿನ ಜಾಲರಿ,
ಮುಚ್ಚಳದಲ್ಲಿ ಹೊಗೆಗೊಂದು ತೂತು,
ತೂತಿಗೆ ಬೋರಲು ಹಾಕಲು ಸ್ಟೀಲ್ ಲೋಟ.
ಥರ್ಮಾಮೀಟರು ಕೂರಿಸಲೇನ್ರಿ ಅಂದ.
ಬ್ಯಾಡ ಅಂದೆ.

ಇದ್ದಲಿ ದೇವಸೂಗೂರಿನಾಚೆಯ ಹುಸೇನವ್ವನದು.
ಬೂದಿಕೆರೆಯ ಏರಿಯ ಮೇಲೆ ತಾನಾಗಿ ಬೆಳೆದ ಬಳ್ಳಾರಿ ಜಾಲಿ
ಕಡಿದು, ಒಟ್ಟಿ, ಮಣ್ಣು ಮುಚ್ಚಿ
ಐದು ದಿನ ಹೊಗೆಯ ಬಣ್ಣ ಕಾಯುತ್ತಾಳೆ.
ಬೆಳ್ಳಗಿದ್ದರೆ ಇನ್ನೂ ನೀರಿದೆ,
ನೀಲಿಗೆ ತಿರುಗಿದರೆ ಮುಗಿಯಿತು.
ರಾಯಚೂರಿನ ಮಣ್ಣಲ್ಲಿದ್ದೂ ಬಳ್ಳಾರಿ ಯಾಕವ್ವ ಅಂದರೆ
"ಬ್ಯಾಡಾದ ಕೂಸಿಗೆ ಬಾಜೂ ಊರಿನ ಹೆಸರು" ಅಂದು
ಎಲೆಅಡಿಕೆ ಉಗುಳಿ ನಗುತ್ತಾಳೆ.

ಚೀಲ ಕಟ್ಟುವ ಮೊದಲು
ಎರಡು ತುಂಡು ಎತ್ತಿ ಒಂದಕ್ಕೊಂದು ತಾಕಿಸಿದಳು.
ಠಣ್.
"ಹಿಂಗ ಬಳಿಯಂಗ ಅಂದ್ರ ಅದು ಇದ್ದಲಿ.
ಡಬ್ ಅಂದ್ರ ಇನ್ನಾ ಕಟಗಿ. ಅದರಾಗ ಅಳು ಉಳದಿರ್ತೈತಿ,
ಒಲಿಗೆ ಹಾಕಿದ್ರ ನಿನ್ನ ಕಣ್ಣಾಗ ಬರ್ತೈತಿ."

ಅದಕ್ಕೇ ಮೊರದಲ್ಲಿ ಹರವಿ ಆರಿಸುತ್ತೇನೆ, ಅಕ್ಕಿಯ ಹಾಗೆ.
ಕಲ್ಲು ಎರಡು. ಸುಟ್ಟ ಬಸವನಹುಳುವಿನ ಚಿಪ್ಪೊಂದು.
ಮುಳ್ಳಿನ ಸಮೇತ ಕಪ್ಪಾದ ರೆಂಬೆ:
ಬೆರಳಿಟ್ಟರೆ ಮುಳ್ಳು ಮುರಿಯಿತು, ಚುಚ್ಚಲಿಲ್ಲ.
ಆಮೇಲೆ ಮುಂಗೈ ದಪ್ಪದ ಆ ತುಂಡು.
ನಡುವೆ ಸುತ್ತಲೂ ಸವೆದ ಕಾಲುವೆ,
ಕಾಲುವೆಯೊಳಗೆ ಹುರಿಯ ಹೊಸೆತ, ಎಳೆ ಎಳೆ.
ಯಾರೋ ಇದಕ್ಕೆ ಆಡು ಕಟ್ಟುತ್ತಿದ್ದರು. ದಿನಾ.
ಅದು ಜಗ್ಗಿದ್ದನ್ನೆಲ್ಲ
ಮರ ಬರೆದಿಟ್ಟುಕೊಂಡಿತ್ತು.

ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಮೆತ್ತಿಸಿಕೊಂಡು
ತಾಟಿನಲ್ಲಿ ಮಲಗಿದ್ದದ್ದೂ ಆಡಿನದೇ ತೊಡೆ.
ತುಂಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಗೋಡೆಯಾಚೆಯಿಂದ ಗುರುಸಿದ್ಧಮ್ಮನ ಕೈ, ಕೈಯಲ್ಲಿ ಬದನೆಕಾಯಿ.
"ಆ ಮೂಲ್ಯಾಗ ಇಡು, ನಿನ್ನ ಅದರ ಹೊಗಿ ತಾಗಬಾರದು ಮತ್ತ."
ಇಡುತ್ತೇನೆ. ಮೂಲೆ ಯಾವುದೆಂದು ಹೊಗೆಗೆ ಗೊತ್ತಿಲ್ಲ.
ಹೋದ ಸಲ ರೊಟ್ಟಿಗೆ ಹಚ್ಚಿಕೊಂಡು ತಿಂದು
ಈ ಸಲ ನಾಲ್ಕು ಕೊಟ್ಟಿದ್ದಾರೆ.

ಜಾಲರಿಯ ಮೇಲೆ ಅಂಗೈ ಹಿಡಿದು ಎಣಿಸುತ್ತೇನೆ.
ಮೂರಕ್ಕೆ ಕೈ ಹಿಂದೆ ಬಂದರೆ ಜೋರಾಯಿತು.
ಆರು ಏಳು, ನಿಧಾನಕ್ಕೆ ಸರಿ.
ತೂತಿನ ಮೇಲೆ ಲೋಟ ಸರಿಸುತ್ತೇನೆ, ಕೂದಲೆಳೆಯಷ್ಟು.
ಕೊಬ್ಬು ತೊಟ್ಟಿಕ್ಕಿದರೆ ಕೆಂಡ ಮಾತಾಡುತ್ತದೆ,
ಮತ್ತೆ ಬೂದಿ ಹೊದ್ದು ಮಲಗುತ್ತದೆ.

ಮೂರನೆಯ ತಾಸಿಗೆ ಹನ್ನೆರಡರವರೆಗೂ ಎಣಿಸಿದೆ.
ಎಲುಬಿನ ಹತ್ತಿರ ಇನ್ನೂ ನಸುಗೆಂಪು.
ಚೀಲದಲ್ಲಿ ಬರೀ ಪುಡಿ.
ಕಟ್ಟೆಯ ಕಡೆ ನೋಡಿದೆ. ನೋಡದ ಹಾಗೆ ಇನ್ನೊಂದಿಷ್ಟು ಹೊತ್ತು ನಿಂತೆ.
ತುಂಡನ್ನು ಎತ್ತಿ ಗೋಡೆಗೆ ತಾಕಿಸಿದೆ.
ಠಣ್ ಅಂದಿತು.
ಹಾಕಿದೆ.

ಉಳಿದವುಗಳ ಹಾಗೆಯೇ ಹತ್ತಿಕೊಂಡಿತು, ವಿಶೇಷವೇನಿಲ್ಲ.
ಕಾಲುವೆ ಮಾತ್ರ ಮೊದಲು ಬೆಳ್ಳಗಾಯಿತು,
ಬೂದಿಯದೊಂದು ಹಗ್ಗ,
ಯಾರೂ ಹಿಡಿದಿರದ್ದು.

ಹತ್ತು ಗಂಟೆಗೆ ಉಂಡೆವು. ಖದೀರ್ ಎಲುಬು ಚೀಪಿ
"ಥರ್ಮಾಮೀಟರ್ ಬ್ಯಾಡೇ ಬ್ಯಾಡ" ಅಂದ.

ಕೆಂಡವನ್ನು ಊದಿ ಆರಿಸಲು ಬರುವುದಿಲ್ಲ,
ಊದಿದಷ್ಟೂ ಹೊತ್ತುತ್ತದೆ.
ಮುಚ್ಚಳ ಹಾಕಿ, ಲೋಟ ಬೋರಲಿಟ್ಟು
ಅದರ ಪಾಡಿಗೆ ಕತ್ತಲು ಕೊಡಬೇಕು.

ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹೊರಟವಳು ತೆರೆದು ನೋಡಿದೆ.
ಆರಿ ಉಳಿದದ್ದು ಒಂದು ಬೊಗಸೆ.
ಸ್ವೆಟರಿನ ತೋಳು ಮೇಲೇರಿಸಿ ಕೂತೆ,
ಒಂದೊಂದೇ ಎತ್ತಿ, ಒಂದಕ್ಕೊಂದು ತಾಕಿಸಿ,
ಆರಿಸುತ್ತ.
ಬಸ್ಸು ಹಾರ್ನ್ ಹೊಡೆಯಿತು.